ಹೊಲದಾಗ ಗಿಡ ಯಾಕ, ಎಲ್ಲಿ, ಹೆಂಗ? ತೊಗರಿ ನಾಡಿನ ಸಣ್ಣ ರೈತರಿಗೆ ಅರಣ್ಯ ಕೃಷಿ ಬಗ್ಗೆ ಒಂದಿಷ್ಟು

ಎಳ್ಳಮಾಸಿ ದಿನ ಕಲಬುರಗಿ ಕಡಿ ಯಾವ ಹೊಲಕ್ಕ ಹೋದ್ರೂ ಒಂದು ಮಾತು ಕೇಳಿ ಬರ್ತದ, "ಎಲ್ಲಿ ಕೂಡೋಣ?" ಅಂತ. ಭಜ್ಜಿ, ಸಜ್ಜಿ ರೊಟ್ಟಿ, ಕಡಬು, ಅಂಬಲಿ ಎಲ್ಲಾ ಬುಟ್ಟಿ ಕಟ್ಟಿಕೊಂಡು ಬಂದಿರ್ತೀವಿ, ಚರಗ ಚೆಲ್ಲಿ ಆಗಿರ್ತದ, ಆದ್ರ ಮನಿ ಮಂದಿ ಎಲ್ಲಾ ಕೂತು ಉಣ್ಣಾಕ ಒಂದು ನೆರಳು ಬೇಕಲ್ಲ. ನಮ್ಮ ಮುತ್ಯಾನ ಕಾಲದಾಗ ನಮ್ಮ ಐದು ಎಕರೆ ಹೊಲದ ಬದುವಿನ ಮ್ಯಾಲ ಏಳು ಬೇವಿನ ಗಿಡ, ಎರಡು ಬನ್ನಿ, ಒಂದು ಹುಣಸಿ ಇದ್ದವಂತ. ಈಗ ಒಂದು ಬೇವು ಉಳಿದದ. ಟ್ರ್ಯಾಕ್ಟರ್ ತಿರುಗಾಕ ಅಡ್ಡ ಆಗ್ತದ ಅಂತ ಒಂದು ಹೋಯ್ತು, ಅಣ್ಣತಮ್ಮರ ಪಾಲು ಆದಾಗ ಎರಡು ಹೋದವು, ಮನಿ ಕಟ್ಟಾಗ ಬಾಗಿಲ ಚೌಕಟ್ಟಿಗಿ ಅಂತ ಇನ್ನೆರಡು, ಉಳಿದವೂ ಹಿಂಗೇ ಒಂದೊಂದಾಗಿ ಹೋದವು.

ಈಗ ಮತ್ತ ಗಿಡದ ಸುದ್ದಿ ಶುರು ಆಗ್ಯದ. ಜೂನ್ ಬಂತಂದ್ರ ಅರಣ್ಯ ಇಲಾಖೆ ನರ್ಸರಿ ಸಸಿ ಬಗ್ಗೆ ವಾಟ್ಸಾಪ್ ಗ್ರೂಪಿನಾಗ ಮೆಸೇಜ್ ಬರ್ತಾವ, ಶ್ರೀಗಂಧ ಹಚ್ಚಿದ್ರ ಕೋಟಿ ಬರ್ತದ ಅಂತ ಯೂಟ್ಯೂಬ್ ವಿಡಿಯೋ ಓಡಾಡ್ತಾವ, ಕಾರ್ಬನ್ ಕ್ರೆಡಿಟ್ ಅನ್ನೋ ಹೊಸಾ ಮಾತು ಬ್ಯಾರೆ ಕಿವಿಗಿ ಬೀಳ್ಲಿಕತ್ತದ. ಎರಡು ಎಕರೆ, ನಾಲ್ಕು ಎಕರೆ ಇದ್ದವರಿಗೆ ಇದರಾಗ ಯಾವುದು ನಿಜ, ಯಾವುದು ತಮಗ ಆಗೋದು ಅಂತ ತಿಳಿಯೋದು ಕಷ್ಟ ಅದ. ಅದಕ್ಕ ಬುಡದಿಂದ ಬಿಡಿಸಿ ಬರ್ಯೋಣ ಅಂತ ಕೂತೀನಿ.

ಅರಣ್ಯ ಕೃಷಿ ಅಂದ್ರ ಕಾಡು ಬೆಳಸೋದಲ್ಲ

ಹೆಸರು ಕೇಳಿದ್ರ ಹೊಲಾ ಎಲ್ಲಾ ಕಾಡು ಮಾಡ್ಬೇಕೇನೋ ಅನಿಸ್ತದ. ಹಂಗೇನಿಲ್ಲ. ಒಂದೇ ಹೊಲದಾಗ ಬೆಳಿನೂ ಇರಬೇಕು, ಗಿಡನೂ ಇರಬೇಕು, ಎರಡನ್ನೂ ನಾವು ಬೇಕಂತಲೇ ಲೆಕ್ಕಾ ಹಾಕಿ ಜೋಡಿ ಮಾಡಿರಬೇಕು, ಅಷ್ಟೇ. ದನ, ಕುರಿ, ಆಡು ಕೂಡಿದ್ರ ಅದೂ ಇದರಾಗೇ ಬರ್ತದ. (ನಮ್ಮ ಕಡಿ ಮರಕ್ಕೂ ಗಿಡ ಅಂತೇ ಅಂತೀವಿ, ನೂರು ವರ್ಷದ ಬೇವಿಗೂ ಬೇವಿನ ಗಿಡಾನೇ. ನಾನೂ ಇಲ್ಲಿ ಹಂಗೇ ಬರೀತೀನಿ.)

ಇದರಾಗ ಮೂರು ನಮೂನಿ ಹೆಚ್ಚು ಕಾಣ್ತಾವ. ಒಂದು, ಬದುವಿನ ಮ್ಯಾಲ ಸುತ್ತಲೂ ಗಿಡ, ನಡುವ ತೊಗರಿನೋ ಜೋಳಾನೋ. ಎರಡನೇದು ಸಾಲು ಬಿಟ್ಟು ಸಾಲು, ಅಂದ್ರ ಹೊಲದೊಳಗೇ ಮಾವು, ಪೇರಲ, ಸೀತಾಫಲದಂಥವು ದೂರ ದೂರ ಹಚ್ಚಿ ನಡುವ ಹೆಸರು, ಉದ್ದು, ಶೇಂಗಾ. ಮೂರನೇದು ಉಳಿಮಿಗಿ ಬರದ ಮಡ್ಡಿ ನೆಲದಾಗ ಗಿಡ ಮತ್ತ ಮೇವಿನ ಹುಲ್ಲು. ಸಣ್ಣ ರೈತರಿಗೆ ಮೊದಲನೇದೇ ಸುಲಭ, ಯಾಕಂದ್ರ ಬದು ಹೆಂಗೂ ಬಿತ್ತೋ ಜಾಗ ಅಲ್ಲ.

ಸಣ್ಣ ರೈತ ಅಂದ್ರ ಸರಕಾರದ ಲೆಕ್ಕದಾಗ 2 ಹೆಕ್ಟೇರ್ ಒಳಗ ಇದ್ದವರು, 1 ಹೆಕ್ಟೇರ್ ಒಳಗ ಇದ್ರ ಅತಿ ಸಣ್ಣ ರೈತ. ಒಂದು ಹೆಕ್ಟೇರ್ ಅಂದ್ರ ಸುಮಾರು 2 ಎಕರೆ 19 ಗುಂಟೆ. 2015-16ರ ಕೃಷಿ ಗಣತಿ ಪ್ರಕಾರ ದೇಶದಾಗಿನ ಹಿಡುವಳಿಗಳಾಗ 86 ಪರ್ಸೆಂಟ್ ಇಂಥವೇ. 2014ರಾಗ ಭಾರತ ಅರಣ್ಯ ಕೃಷಿಗಿ ಅಂತೇ ಒಂದು ರಾಷ್ಟ್ರೀಯ ನೀತಿ ಮಾಡ್ತು, ಅಂಥ ನೀತಿ ಮಾಡಿದ ಮೊದಲನೇ ದೇಶ ನಮ್ಮದೇ. ಝಾನ್ಸಿಯಾಗ ಇದಕ್ಕಂತೇ ಒಂದು ಕೇಂದ್ರ ಸಂಶೋಧನಾ ಸಂಸ್ಥೆನೂ ಅದ.

"ಗಿಡದ ಬುಡಕ ಬೆಳಿ ಬರಂಗಿಲ್ಲಲ್ಲ?"

ಯಾವ ರೈತನ ಮುಂದ ಈ ವಿಷಯ ತೆಗದ್ರೂ ಮೊದಲು ಬರೋ ಪ್ರಶ್ನೆ ಇದು, ಮತ್ತ ಇದು ಪೂರಾ ಖರೇ ಪ್ರಶ್ನೆ. ಗಿಡ ಹಚ್ಚಿದ್ರ ಬೆಳಿಗಿ ಏನೂ ಆಗಂಗಿಲ್ಲ ಅಂತ ಯಾರರೆ ಹೇಳಿದ್ರ ನಂಬಬ್ಯಾಡ್ರಿ. ಗಿಡ ಮತ್ತ ಬೆಳಿ ನಡುವ ನೀರಿಗಿ, ಬಿಸಿಲಿಗಿ, ಗೊಬ್ಬರಕ್ಕ ಪೈಪೋಟಿ ಇದ್ದೇ ಇರ್ತದ. ಅದನ್ನ ಕಡಿಮಿ ಮಾಡೋದು ಹೆಂಗ ಅನ್ನೋದೇ ಈ ವಿದ್ಯಾ.

ನೀರಿಂದು ಮೊದಲು ನೋಡೋಣ. ಒಂದು ಬಾವಿಗಿ ಇಬ್ಬರು ನೀರು ಸೇದಾಕ ಬರ್ತಾರ ಅಂತ ತಿಳ್ಕೋರಿ. ಒಬ್ಬರ ಹಗ್ಗ ಮೂರು ಮಾರು, ಇನ್ನೊಬ್ಬರದು ಹತ್ತು ಮಾರು. ನೀರು ಮ್ಯಾಲ ಇದ್ದಾಗ ಇಬ್ಬರೂ ಅಲ್ಲೇ ಸೇದ್ತಾರ, ಜಗಳ ಆಗ್ತದ. ನೀರು ಕೆಳಗ ಹೋತಂದ್ರ ಸಣ್ಣ ಹಗ್ಗದವರು ಸುಮ್ಮನ ನಿಲ್ತಾರ, ಉದ್ದ ಹಗ್ಗದವರು ಮಾತ್ರ ಸೇದ್ತಾರ. ಹೆಸರು, ಉದ್ದು, ಜೋಳದ ಬೇರು ಸಣ್ಣ ಹಗ್ಗ ಇದ್ದಂಗ, ಬೇವು, ಬನ್ನಿ, ಹುಣಸಿದು ಉದ್ದ ಹಗ್ಗ. ಆದ್ರ ಉದ್ದ ಹಗ್ಗ ಇದ್ದ ಗಿಡಕ್ಕೂ ಮ್ಯಾಲಿನ ಒಂದೆರಡು ಅಡಿ ಮಣ್ಣಿನಾಗ ಸಣ್ಣ ಸಣ್ಣ ಬೇರು ಭಾಳ ಇರ್ತಾವ, ಯಾಕಂದ್ರ ಗೊಬ್ಬರ, ಕೊಳೆತ ಎಲಿ ಎಲ್ಲಾ ಅಲ್ಲೇ ಇರ್ತಾವ, ಮತ್ತ ಗಿಡ ಸಣ್ಣದಿದ್ದಾಗಂತೂ ಅದರ ಹಗ್ಗನೂ ಗಿಡ್ಡದೇ. ತೊಗರಿ ಮಾತ್ರ ಬೆಳಿಗಳಾಗ ಸ್ವಲ್ಪ ಬ್ಯಾರೆ, ಅದರ ತಾಯಿಬೇರು ಆಳಕ್ಕ ಇಳೀತದ, ಅದಕ್ಕೇ ಹಿಂಗಾರಿ ಮಳಿ ಕೈಕೊಟ್ರೂ ಅದು ಸ್ವಲ್ಪ ತಡೀತದ.

ಈ ಪೈಪೋಟಿ ಕಡಿಮಿ ಮಾಡಾಕ ರೈತರು ಮಾಡೋ ಉಪಾಯ ಒಂದದ. ಗಿಡದ ಸಾಲಿಗೂ ಬೆಳಿಗೂ ನಡುವ ಎರಡು ಅಡಿ ಆಳದ ಸಣ್ಣ ಚರಂಡಿ ತೆಗೀತಾರ. ಹೊಲದ ಕಡಿ ಬರೋ ಮ್ಯಾಲಿನ ಬೇರು ಅಲ್ಲೇ ಕತ್ತರಿಸಿ ಹೋಗ್ತಾವ, ಗಿಡ ಸಾಯಂಗಿಲ್ಲ, ಬೇರು ಆಳಕ್ಕ ಇಳಿಸ್ತದ. ಮಳಿಗಾಲದಾಗ ಅದೇ ಚರಂಡಿಯಾಗ ನೀರು ನಿಂತು ಇಂಗ್ತದ, ಅದು ಬ್ಯಾರೆ ಲಾಭ.

ಇನ್ನ ನೆರಳು. ಇಲ್ಲಿ ದಿಕ್ಕು ಭಾಳ ಮುಖ್ಯ, ಆದ್ರ ಇದನ್ನ ಯಾರೂ ಹೇಳಿಕೊಡಂಗಿಲ್ಲ. ತೊಗರಿ, ಬಿಳಿಜೋಳ, ಕಡಲಿ ಹೊಲದಾಗ ಇರೋದು ಅಕ್ಟೋಬರ್, ನವೆಂಬರ್, ಡಿಸೆಂಬರದಾಗ. ಆ ತಿಂಗಳಾಗ ಸೂರ್ಯ ದಕ್ಷಿಣಕ್ಕ ವಾಲಿರ್ತಾನ, ಹಂಗಾಗಿ ಗಿಡದ ನೆರಳು ಮಧ್ಯಾಹ್ನನೂ ಉತ್ತರಕ್ಕ ಬೀಳ್ತದ. ನಿಮ್ಮ ದಕ್ಷಿಣದ ಬದುವಿನ ಮ್ಯಾಲ ದಟ್ಟ ಗಿಡ ಇದ್ರ ನೆರಳು ನಿಮ್ಮ ಬೆಳಿ ಮ್ಯಾಲ. ಉತ್ತರದ ಬದುವಿನ ಮ್ಯಾಲ ಇದ್ರ ನೆರಳು ಬಾಜೂ ಹೊಲದವರ ಬೆಳಿ ಮ್ಯಾಲ, ಅಲ್ಲಿಂದ ಜಗಳ ಶುರು. ಪೂರ್ವಕ್ಕ, ಪಶ್ಚಿಮಕ್ಕ ಇರೋ ಬದುವಿನ ಗಿಡದ ನೆರಳು ಮುಂಜಾನಿ ಒಂದು ಕಡಿ, ಸಂಜಿಗಿ ಒಂದು ಕಡಿ ಸರೀತದ, ಒಂದೇ ಜಾಗಕ್ಕ ದಿನಪೂರ್ತಿ ಕೂಡಂಗಿಲ್ಲ. ಹಂಗಾಗಿ ದೊಡ್ಡ ಗಿಡ ಪೂರ್ವದ, ಪಶ್ಚಿಮದ ಬದುವಿಗಿ, ಉತ್ತರದ, ದಕ್ಷಿಣದ ಬದುವಿಗಿ ನುಗ್ಗಿ, ಕರಿಬೇವು, ಸೀತಾಫಲದಂಥ ಗಿಡ್ಡ ಜಾತಿ ಅಂತ ಇಟ್ಕೊಂಡ್ರ ಅರ್ಧ ತಂಟೆ ಮುಗೀತು. ಗಿಡ ಹಚ್ಚೂಕಿಂತ ಮೊದಲು ಬಾಜೂ ಹೊಲದವರ ಜೋಡಿ ಕೂತು ಒಂದು ಮಾತು ಆಡೋದು ಛಲೋ, ಬದು ಇಬ್ಬರದೂ ಇರ್ತದ.

ಬಿತ್ತಿಗಿಗಿಂತ ಮೊದಲು ಕೆಳಗಿನ ಟೊಂಗಿ ಸವರೋದನ್ನೂ ರೂಢಿ ಮಾಡ್ಕೋಬೇಕು. ಬಿಸಿಲೂ ಬೀಳ್ತದ, ಸವರಿದ ಸೊಪ್ಪು ಆಡಿಗಿ ಮೇವು, ಕಟಗಿ ಒಲಿಗಿ. ಇಷ್ಟೆಲ್ಲಾ ಮಾಡಿದ್ರೂ ಗಿಡದ ಹತ್ತಿರದ ಒಂದೆರಡು ಸಾಲು ಸೊರಗೋದು ಇದ್ದೇ ಇರ್ತದ, ಆ ಸಾಲಿನ ನಷ್ಟಕ್ಕಿಂತ ಗಿಡದ ಲಾಭ ಹೆಚ್ಚು ಇರಬೇಕು, ಅದೇ ಲೆಕ್ಕ.

ಹಂಗಾದ್ರ ಗಿಡ ಏನು ಕೊಡ್ತದ

ರೊಕ್ಕದ ಮಾತು ಆಮ್ಯಾಲ. ಬೇವಿನಿಂದ ಶುರು ಮಾಡ್ತೀನಿ, ಯಾಕಂದ್ರ ತೊಗರಿಗೂ ಬೇವಿಗೂ ಒಂದು ನಂಟು ಅದ. ತೊಗರಿ ಹೂವು ಕಾಯಿ ಹಿಡದಾಗ ಬರೋ ಕಾಯಿ ಕೊರಕ ಹುಳ ನಮ್ಮ ಜಿಲ್ಲೆದಾಗ ಎಲ್ಲಾ ರೈತರ ನಿದ್ದಿ ಕೆಡಿಸ್ತದ. ಹುಳ ಇನ್ನೂ ತತ್ತಿ, ಸಣ್ಣ ಮರಿ ಇದ್ದಾಗ ಕೃಷಿ ವಿಜ್ಞಾನಿಗಳು ಹೇಳೋದು 5 ಪರ್ಸೆಂಟ್ ಬೇವಿನ ಬೀಜದ ಕಷಾಯ, ಅಂದ್ರ 5 ಕಿಲೋ ಬೇವಿನ ಬೀಜದ ತಿರುಳು ಕುಟ್ಟಿ ರಾತ್ರಿ ನೀರಾಗ ನೆನಸಿ, ಸೋಸಿ, 100 ಲೀಟರ್ ಮಾಡಿ ಹೊಡಿಯೋದು. ಬೇವಿನ ಹಣ್ಣು ಬೀಳೋದು ಮಳಿ ಶುರು ಆಗೋ ಹೊತ್ತಿಗಿ, ಹುಳ ಬರೋದು ಅದಾದ ಮ್ಯಾಲ ನಾಲ್ಕೈದು ತಿಂಗಳಿಗಿ. ಅಂದ್ರ ಔಷಧ ಬದುವಿನ ಮ್ಯಾಲೇ ಬೆಳದು, ಒಣಗಿ, ಚೀಲದಾಗ ಕೂತು ಹುಳದ ದಾರಿ ಕಾಯ್ತದ. ನಾವು ಆ ಗಿಡ ಕಡ್ದು ಈಗ ಬಾಟ್ಲಿ ಔಷಧಕ್ಕ ಅಂಗಡಿ ಮುಂದ ನಿಲ್ತೀವಿ, ನನಗ ಇದು ನೆನಸಿದಾಗೆಲ್ಲಾ ಹೊಟ್ಟಿ ಉರೀತದ.

ಇನ್ನೊಂದು ಗ್ಲಿರಿಸಿಡಿಯಾ, ಗೊಬ್ಬರದ ಗಿಡ ಅಂತ ಕರೀತಾರ. ಇದೂ ತೊಗರಿ, ಕಡಲಿ ಕುಲದ್ದೇ. ಈ ಕುಲದ ಬೇರಿನ ಗಂಟಿನಾಗ ಇರೋ ಬ್ಯಾಕ್ಟೀರಿಯಾ ಗಾಳಿಯಾಗಿನ ಸಾರಜನಕ ಹಿಡದು ಗಿಡಕ್ಕ ಕೊಡ್ತಾವ, ಗಿಡ ಅದನ್ನ ಎಲಿಯಾಗ ತುಂಬಿಕೊಳ್ತದ, ನಾವು ಎಲಿ ಕಡ್ದು ಮಣ್ಣಿಗಿ ಹಾಕ್ತೀವಿ. ಒಣಗಿದ 100 ಕಿಲೋ ಎಲಿಯಾಗ ಸುಮಾರು ಎರಡೂವರಿ ಕಿಲೋ ಸಾರಜನಕ ಇರ್ತದ. ಯೂರಿಯಾದಾಗ 46 ಪರ್ಸೆಂಟ್ ಸಾರಜನಕ ಇರೋದ್ರಿಂದ ಅದು ಹೆಚ್ಚುಕಮ್ಮಿ 5 ಕಿಲೋ ಯೂರಿಯಾ ಇದ್ದಂಗ. ಯೂರಿಯಾ ಪೂರಾ ಬಿಡ್ಬಹುದು ಅಂತಲ್ಲ, ಆದ್ರ ಎಲಿಯಿಂದ ಮಣ್ಣು ಮೆತ್ತಗಾಗ್ತದ, ನೀರು ಹಿಡೀತದ, ಅದನ್ನ ಯೂರಿಯಾ ಮಾಡಂಗಿಲ್ಲ. ಹೈದರಾಬಾದಿನ ಕೇಂದ್ರೀಯ ಒಣಬೇಸಾಯ ಸಂಶೋಧನಾ ಸಂಸ್ಥೆಯವರೂ ಬದುವಿನ ಮ್ಯಾಲ ಇದನ್ನ ಹಚ್ರಿ ಅಂತ ಹೇಳ್ತಾರ. ಟೊಂಗಿ ನೆಟ್ರೂ ಚಿಗೀತದ.

ಹಕ್ಕಿ ಬಗ್ಗೆ ಎರಡೂ ಕಡಿ ಹೇಳ್ಬೇಕು. ಗಿಡದ ಮ್ಯಾಲ ಕೂಡೋ ಹಕ್ಕಿ ತೊಗರಿ ಹುಳ ತಿಂತಾವ, ಜೋಳದ ಹಾಲುತೆನಿನೂ ತಿಂತಾವ. ಜೋಳ ಹಾಕೋರು ಇದನ್ನ ಲೆಕ್ಕಕ್ಕ ಇಟ್ಕೋಬೇಕು.

ದೊಡ್ಡ ಮಾತು ಅಂದ್ರ ಕೈಗಿ ರೊಕ್ಕ ಬರೋ ಹೊತ್ತು. ನಮ್ಮ ಒಣ ಬೇಸಾಯದಾಗ ತೊಗರಿ ರಾಶಿ ಆದಾಗ ಒಮ್ಮೆ ರೊಕ್ಕ ಬರ್ತದ, ಅದೂ ಮಳಿ ಸರಿ ಇದ್ರ. 2020ರ ಅಕ್ಟೋಬರದಾಗ ಭೀಮಾ ಉಕ್ಕಿ ಬಂದಾಗ ದಂಡಿ ಊರುಗಳಾಗ ನಿಂತ ಬೆಳಿ ಕೊಳೆತು ಹೋಯ್ತು, ಆ ವರ್ಷದ ದುಡಿಮಿ ಅಲ್ಲಿಗಿ ಮುಗೀತು. ಬೆಳಿ ಒಂದು ಹಂಗಾಮು ಹೋದ್ರ ಪೂರಾ ಹೋತು, ಗಿಡ ಹಂಗಲ್ಲ, ಬೇರು ಬಿಟ್ಟ ಮ್ಯಾಲ ಒಂದು ಕೆಟ್ಟ ವರ್ಷ ತಡ್ಕೊಂಡು ಮುಂದಿನ ವರ್ಷ ಮತ್ತ ಕೊಡ್ತದ. ಹುಣಸಿ ಬ್ಯಾಸಿಗಿಗಿ, ಸೀತಾಫಲ ದಸರಾ ದೀಪಾವಳಿ ಹೊತ್ತಿಗಿ, ನುಗ್ಗಿ ನಡುನಡುವ, ಆಡಿನ ಮೇವು ವರ್ಷಾಪೂರ್ತಿ. ಹತ್ತು ಸಾವಿರ ಆಗ್ಲಿ ಐದು ಸಾವಿರ ಆಗ್ಲಿ, ಕೈ ಖಾಲಿ ಇದ್ದ ತಿಂಗಳಿಗಿ ಬಂದ್ರ ಸಾಲಕ್ಕ ಹೋಗೋದು ತಪ್ತದ.

ಎರಿ, ಮಡ್ಡಿ, ಫರ್ಸಿ: ಯಾವ ನೆಲಕ್ಕ ಯಾವ ಗಿಡ

ಬೆಂಗಳೂರು ಕಡಿ ವಿಡಿಯೋ ನೋಡಿ ಗಿಡ ಹಚ್ಚಿದವರು ಹೆಚ್ಚು ಸೋಲೋದು ಇಲ್ಲೇ. ನಮ್ಮ ಎರಿ ಮಣ್ಣು ಮಳಿಗಾಲದಾಗ ಉಬ್ಬಿ ನೀರು ಹಿಡದು ನಿಲ್ತದ, ಬ್ಯಾಸಿಗಿಗಿ ಅಂಗೈ ಹೋಗೋವಷ್ಟು ಬಿರುಕು ಬಿಡ್ತದ, ಆ ಬಿರುಕು ಎಳೇ ಬೇರು ಹರೀತದ. ಅಂದ್ರ ಸಸಿ ಮಳಿಗಾಲದಾಗ ಉಸಿರು ಕಟ್ಟಿ ಸಾಯಬಹುದು, ಬ್ಯಾಸಿಗಿಗಿ ಬೇರು ಹರದು ಸಾಯಬಹುದು. ಬೇವು, ಬನ್ನಿ, ಕರಿಜಾಲಿ, ಹುಣಸಿ ಎರಿ ನೆಲಕ್ಕ ಒಗ್ಗಿದವು. ಸಾಗವಾನಿ, ಮಾವು, ಶ್ರೀಗಂಧಕ್ಕ ನೀರು ನಿಲ್ಲೋ ದಟ್ಟ ಎರಿ ಆಗಂಗಿಲ್ಲ. ಅವಕ್ಕ ನೀರು ಬಸಿದು ಹೋಗೋ ನೆಲ ಬೇಕು, ಬೀದರಿನ ಕೆಂಪು ಜಂಬಿಟ್ಟಿಗಿ ಮಣ್ಣು, ಯಾದಗಿರಿ ಗುರುಮಠಕಲ್ ಕಡಿ ಮಸಾರಿ ಅದಕ್ಕ ಛಲೋ. ಸೇಡಂ, ಚಿತ್ತಾಪುರ, ಶಹಾಬಾದ ಕಡಿ ಇನ್ನೊಂದು ಫಜೀತಿ, ಕೆಲವು ಹೊಲದಾಗ ಎರಡು ಮೂರು ಅಡಿ ಅಗದ್ರ ಫರ್ಸಿ ಕಲ್ಲೇ ಬರ್ತದ, ಅಂಥಲ್ಲಿ ಗುಂಡಿ ತೋಡಿ ನೋಡದೇ ಸಸಿ ತರಬಾರದು.

ಸುರಪುರ, ಶಹಾಪುರದ ಕಾಲುವಿ ನೀರಿನ ಭತ್ತದ ಗದ್ದಿಗಳ ಮಾತು ಬ್ಯಾರೆ, ಅಲ್ಲಿ ನೀರು ಸದಾ ನಿಲ್ಲೋದ್ರಿಂದ ಬದು ಎತ್ತರ ಮಾಡಿಕೊಂಡೇ ಹಚ್ಬೇಕು.

ಶ್ರೀಗಂಧ: ಕೋಟಿ ಮಾತಿಗಿಂತ ಮೊದಲು

ಶ್ರೀಗಂಧ ಹಸಿರು ಎಲಿ ಇದ್ರೂ ತನ್ನ ಊಟ ಪೂರಾ ತಾನೇ ಮಾಡ್ಕೊಳ್ಳಂಗಿಲ್ಲ, ಬಾಜೂ ಗಿಡದ ಬೇರಿಗಿ ತನ್ನ ಬೇರು ಕಚ್ಚಿಸಿ ಅಲ್ಲಿಂದ ನೀರು, ಸಾರ ಹೀರ್ತದ. ಹಂಗಾಗಿ ಒಂಟಿ ಹಚ್ಚಿದ್ರ ಸೊರಗಿ ಹೋಗ್ತದ, ಜೋಡಿಗಿ ಆಸರೆ ಗಿಡ ಬೇಕು. ಸಣ್ಣದಿದ್ದಾಗ ಅದಕ್ಕ ಹೇಳಿ ಮಾಡಿಸಿದ ಆಸರೆ ಯಾವುದು ಗೊತ್ತೇನ್ರಿ, ನಮ್ಮ ತೊಗರಿ. ಆದ್ರ ತೊಗರಿ ಭಾಳ ದಿನ ಇರೂದಲ್ಲ, ಮುಂದ ಹುಲಗಲ (ಹೊಂಗೆ), ಸರ್ವೆಯಂಥ ಬಾಳಿಕಿ ಬರೋ ಗಿಡ ಬಾಜೂ ಇರಬೇಕು. 2001ರ ತಿದ್ದುಪಡಿ ಆದ ಮ್ಯಾಲ ಹೊಲದಾಗಿನ ಶ್ರೀಗಂಧಕ್ಕ ಹೊಲದ ಮಾಲಕನೇ ಮಾಲಕ, ಅದಕ್ಕಿಂತ ಮೊದಲು ಸರಕಾರದ್ದಿತ್ತು. ಕಡಿಯಾಕ ಈಗಲೂ ಅರಣ್ಯ ಇಲಾಖೆ ಪರವಾನಗಿ ಬೇಕು, ಪಹಣಿಯಾಗ ಗಿಡ ಎಂಟ್ರಿ ಮಾಡಿಸಿರಬೇಕು. ಒಳಗ ಚೇಗು, ಅಂದ್ರ ವಾಸನಿ ಇರೋ ಗಟ್ಟಿ ನಡುಕಟಗಿ, ಕೂಡಾಕ ಹದಿನೈದು ವರ್ಷ, ಅದಕ್ಕಿಂತ ಹೆಚ್ಚು ಬೇಕು, ಅಷ್ಟೂ ವರ್ಷ ಕಳ್ಳರಿಂದ ಕಾಯ್ಬೇಕು. ಊರಿಂದ ದೂರ ಎರಡು ಎಕರೆ ಇದ್ದವರು ರಾತ್ರಿ ಕಾವಲಿಗಿ ಯಾರನ್ನ ಇಡ್ತಾರ, ಅದನ್ನ ವಿಡಿಯೋದಾಗ ಹೇಳಂಗಿಲ್ಲ.

ಹಚ್ಚೋದು ಒಂದು ದಿನ, ಉಳಸೋದು ಎರಡು ಬ್ಯಾಸಿಗಿ

ನಾಲ್ಕು ವರ್ಷದ ಹಿಂದ ನಾವು ಬದುವಿಗಿ ಅರವತ್ತು ಸಸಿ ಹಚ್ಚಿದ್ವಿ. ಮಳಿಗಾಲದಾಗ ಎಲ್ಲಾ ಜೀವಂತ ಇದ್ದವು, ಅಪ್ಪ ದಿನಾ ಎಣಿಸಿ ಬರ್ತಿದ್ದ. ತೊಗರಿ ರಾಶಿ ಆದ ಮ್ಯಾಲ ಹೊಲ ಖಾಲಿ ಆಯ್ತು, ಕುರಿ ಆಡು ಬಂದವು, ಇಪ್ಪತ್ತು ಹೋದವು. ಮಾರ್ಚದಾಗ ಬಾಜೂ ಹೊಲದಾಗ ಬದುವಿನ ಹುಲ್ಲಿಗಿ ಹಚ್ಚಿದ ಬೆಂಕಿ ನಮ್ಮ ಕಡಿ ಹರೀತು, ಮತ್ತ ಹದಿನೈದು. ಮೇ ತಿಂಗಳ ಬಿಸಿಲಿಗಿ ಉಳಿದಿದ್ದರಾಗೂ ಅರ್ಧ ಒಣಗಿದವು. ಆ ಅನುಭವದಿಂದ ಹೇಳ್ತೀನಿ, ಅರವತ್ತು ಹಚ್ಚೋದು ಬ್ಯಾಡ, ನೀರು ಹಾಕಾಕ ಆಗೋವಷ್ಟು, ಇಪ್ಪತ್ತೇ ಹಚ್ರಿ.

ಮೇ ತಿಂಗಳಾಗೇ ಒಂದೂವರಿ ಎರಡು ಅಡಿ ಗುಂಡಿ ತೋಡಿ ಬಿಸಿಲಿಗಿ ಬಿಡ್ಬೇಕು, ಒಂದೆರಡು ಹದ ಮಳಿ ಬಿದ್ದ ಮ್ಯಾಲ ತಿಪ್ಪಿ ಗೊಬ್ಬರ ಕೂಡಿಸಿ ಹಚ್ಬೇಕು. ಎರಿ ನೆಲದಾಗ ಸಸಿ ಬುಡ ಸ್ವಲ್ಪ ಏರು ಮಾಡ್ರಿ, ನೀರು ನಿಲ್ಲಬಾರದು. ಸುತ್ತ ಜಾಲಿ ಮುಳ್ಳಿನ ಬೇಲಿ ಮೊದಲ ದಿನನೇ ಹಾಕ್ರಿ, ಆಡು ಬಂದ ಮ್ಯಾಲ ಅಲ್ಲ. ಬ್ಯಾಸಿಗಿಗಿ ಹಳೇ ಮಣ್ಣಿನ ಗಡಿಗಿ ಬುಡದಾಗ ಸಣ್ಣ ತೂತು ಮಾಡಿ, ಅದರಾಗ ಬಟ್ಟಿ ಬತ್ತಿ ಇಟ್ಟು ಸಸಿ ಬಾಜೂ ಹುಗಿದು ನೀರು ತುಂಬಿದ್ರ ನೀರು ಹನಿ ಹನಿ ಬೇರಿಗೇ ಹೋಗ್ತದ. ಬುಡಕ್ಕ ತೊಗರಿ ಹೊಟ್ಟು, ಎಲಿ ಹೊದಿಸಿದ್ರ ಮಣ್ಣು ಬಿರುಕು ಬಿಡೋದೂ ಕಡಿಮಿ. ಕಳೆನಾಶಕ ಹೊಡಿಯೋವಾಗ ಗಾಳಿ ಸಸಿ ಕಡಿ ಬೀಸ್ತದೇನು ನೋಡ್ಕೋರಿ.

ಸರಕಾರದ ರೊಕ್ಕ, ಕಡಿಯೋ ಪರವಾನಗಿ

ರಾಜ್ಯದಾಗ 2011-12ರಿಂದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಅಂತ ಅದ. ಅರಣ್ಯ ಇಲಾಖೆ ನರ್ಸರಿಯಿಂದ ಕಡಿಮಿ ದರಕ್ಕ ಸಸಿ ತಗೊಂಡು ಹಚ್ಚಿ, ಬದುಕಿ ಉಳಿದ ಒಂದೊಂದು ಸಸಿಗಿ ಮೂರು ವರ್ಷ ರೊಕ್ಕ ಕೊಡ್ತಾರ. ದರ ಆಗಾಗ ಬದಲಾಗ್ಯದ, ಏರಿಸಿದ ದರ ಅಂದ್ರ ಮೊದಲನೇ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50, ಒಟ್ಟು 125 ರೂಪಾಯಿ. ಹೆಕ್ಟೇರಿಗೆ ಹೆಚ್ಚಂದ್ರ 400 ಸಸಿ. ರೊಕ್ಕ ಹಚ್ಚಿದ್ದಕ್ಕಲ್ಲ, ಉಳಿಸಿದ್ದಕ್ಕ, ಇದನ್ನ ನೆನಪಿಡ್ರಿ. ಒಂದು ಹೆಕ್ಟೇರ್ ಚೌಕ ಹೊಲದ ಸುತ್ತಳತೆ 400 ಮೀಟರ್, 5 ಮೀಟರಿಗಿ ಒಂದರಂಗ 80 ಗಿಡ ಕೂಡ್ತಾವ. ಎಂಬತ್ತೂ ಉಳಿದ್ರ ಮೂರು ವರ್ಷಕ್ಕ 10,000 ರೂಪಾಯಿ, ಐವತ್ತು ಉಳಿದ್ರ 6,250. ಹೋಬಳಿ, ತಾಲೂಕಿನ ವಲಯ ಅರಣ್ಯಾಧಿಕಾರಿ ಕಚೇರಿಗಿ ಪಹಣಿ, ಆಧಾರ್, ಪಾಸ್‌ಬುಕ್ ತಗೊಂಡು ಹೋಗಿ ಮೊದಲೇ ಹೆಸರು ಹಚ್ಚಿಸಬೇಕು, ಈ ವರ್ಷದ ದರನೂ ಅಲ್ಲೇ ಕೇಳ್ಕೋರಿ.

ಕಡಿಯೋ ವಿಷಯ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಕೆಳಗ ಬರ್ತದ. ಗ್ಲಿರಿಸಿಡಿಯಾ, ಸುಬಾಬುಲ್, ಸರ್ವೆ, ಸಿಲ್ವರ್ ಓಕ್, ತೆಂಗಿನಂಥವಕ್ಕ ಪರವಾನಗಿ ಬೇಕಾಗಿಲ್ಲ, ಸಾಗವಾನಿಗಿ ಬೇಕು. ನಮ್ಮ ಗಿಡ ನಾವೇ ಕಡಿಯಾಕ ಆಫೀಸಿಗಿ ಅಲೀಬೇಕು ಅನ್ನೋ ಭಯಕ್ಕೇ ಎಷ್ಟೋ ಮಂದಿ ಹಚ್ಚಾಕ ಹೋಗಂಗಿಲ್ಲ, ಆ ಭಯ ಸುಳ್ಳೂ ಅಲ್ಲ. 2025ರ ಜೂನದಾಗ ಕೇಂದ್ರ ಪರಿಸರ ಸಚಿವಾಲಯ ಹೊಲದಾಗಿನ ಗಿಡ ಕಡಿಯೋದು ಸುಲಭ ಆಗ್ಲಿ ಅಂತ ಮಾದರಿ ನಿಯಮ ಮಾಡಿ ರಾಜ್ಯಗಳಿಗಿ ಕಳಸ್ಯದ.

ಪಾಲಿಗಿ, ಲಾವಣಿಗಿ ಹೊಲ ಮಾಡೋರ ಕಷ್ಟ ಇದರಾಗ ಎಲ್ಲೂ ಬರಂಗಿಲ್ಲ. ಮುಂದಿನ ವರ್ಷ ಹೊಲ ತನ್ನ ಕೈಯಾಗ ಇರ್ತದೋ ಇಲ್ಲೋ ಗೊತ್ತಿಲ್ಲದವರು ಹತ್ತು ವರ್ಷದ ಗಿಡ ಹೆಂಗ ಹಚ್ತಾರ? ಹೆಣ್ಮಕ್ಕಳದೂ ಹಂಗೇ, ಸಸಿಗಿ ಕೊಡ ಹೊತ್ತು ನೀರು ಹಾಕೋರು ಅವರು, ಪಹಣಿಯಾಗ ಹೆಸರು ಗಂಡಂದು.

ಕಾರ್ಬನ್ ಕ್ರೆಡಿಟ್ ಅಂದ್ರ

ಗಿಡ ಗಾಳಿಯಾಗಿನ ಇಂಗಾಲದ ಡೈಆಕ್ಸೈಡ್ ಹೀರಿ ಅದರಾಗಿನ ಇಂಗಾಲ ಕಟಗಿ ಮಾಡಿ ಇಟ್ಕೊಳ್ತದ. ಹೊಗಿ ಬಿಡೋ ದೊಡ್ಡ ಕಂಪನಿಗಳು ಅದಕ್ಕ ಬದಲಾಗಿ ಇಂಥ ಗಿಡಗಳ ಲೆಕ್ಕಾ ರೊಕ್ಕ ಕೊಟ್ಟು ಕೊಳ್ತಾವ. ಒಂದು ಕ್ರೆಡಿಟ್ ಅಂದ್ರ ಒಂದು ಟನ್ ಡೈಆಕ್ಸೈಡ್. ಒಣ ಕಟಗಿಯಾಗ ಸುಮಾರು ಅರ್ಧ ತೂಕ ಇಂಗಾಲ, ಅದನ್ನ ಡೈಆಕ್ಸೈಡ್ ಲೆಕ್ಕಕ್ಕ ತರಾಕ 3.67ರಿಂದ ಗುಣಿಸ್ಬೇಕು. ಅಂದ್ರ ಒಂದು ಕ್ರೆಡಿಟ್ ಆಗಾಕ ಹೆಚ್ಚುಕಮ್ಮಿ 550 ಕಿಲೋ ಒಣ ಕಟಗಿ ಬೆಳೀಬೇಕು. ಎಳೇ ಸಸಿ ಇಟ್ಕೊಂಡು ಮರುವರ್ಷನೇ ರೊಕ್ಕ ಸುರೀತದ ಅಂದ್ರ ಆ ಲೆಕ್ಕ ಕೂಡಂಗಿಲ್ಲ, ನೀವೇ ನೋಡ್ರಿ. ಒಬ್ಬರ ಎರಡು ಎಕರೆಯಿಂದ ಆಗೋದೂ ಅಲ್ಲ, ನೂರಾರು ರೈತರನ್ನ ಕೂಡಿಸಿ, ಅಳತಿ ಮಾಡಿಸಿ ಮಾರ್ತಾರ, ಅಳತಿ ಖರ್ಚೂ ಅದರಾಗೇ ಹೋಗ್ತದ. ಕೃಷಿಯಾಗ ಇಂಥ ಮಾರುಕಟ್ಟೆಗಿ ಕೇಂದ್ರ ಸರಕಾರ 2024ರ ಜನವರಿಯಾಗ ಒಂದು ಚೌಕಟ್ಟು ಹೊರಡಿಸ್ಯದ. ಯಾರರೆ ಕಾಗದ ತಂದ್ರ ಎಷ್ಟು ವರ್ಷ ಗಿಡ ಕಡಿಯಂಗಿಲ್ಲ, ಗಿಡ ಸತ್ರ ಯಾರ ಹೊಣಿ, ಮಾರಿದ್ದರಾಗ ನಮಗೆಷ್ಟು, ಇವು ಮೂರೂ ಕನ್ನಡದಾಗ ಬರದು ಕೊಡ್ರಿ ಅಂತ ಕೇಳಿ ಆಮ್ಯಾಲ ಸಹಿ.

ಸಸಿ ತರದೇ ಗಿಡ ಬೆಳಸೋದು

ಆಫ್ರಿಕಾದ ನೈಜರ್ ನಮ್ಮಕ್ಕಿಂತ ಭಾಳ ಒಣ ದೇಶ. ಅಲ್ಲಿ ಆಸ್ಟ್ರೇಲಿಯಾದ ಟೋನಿ ರಿನಾಡೋ ಅನ್ನೋರು ವರ್ಷಗಟ್ಟಲೆ ಸಸಿ ಹಚ್ಚಿ ಹಚ್ಚಿ ಸೋತಿದ್ರು, ಹಚ್ಚಿದ್ದೆಲ್ಲಾ ಒಣಗ್ತಿದ್ದವು. 1983ರ ಹೊತ್ತಿಗಿ ಅವರಿಗಿ ಕಂಡಿದ್ದೇನಂದ್ರ, ಹೊಲದಾಗ ಕಂಟಿ ಅಂತ ಜನ ವರ್ಷಾ ಕಡಿಯೋವು ಕಂಟಿ ಅಲ್ಲ, ಹಿಂದ ಕಡದ ಗಿಡಗಳ ಬೊಡ್ಡಿಯಿಂದ ಬರೋ ಚಿಗುರು. ಕೆಳಗ ಬೇರು ಜೀವಂತ ಅದ, ಉದ್ದ ಹಗ್ಗ ಆಗಲೇ ಬಾವಿಗಿ ಇಳದದ, ಒಂದೆರಡು ಚಿಗುರು ಬಿಟ್ಟು ಉಳಿದಿದ್ದು ಸವರಿದ್ರ ಸಾಕು. ನೀರು ಹಾಕೋದು ಬ್ಯಾಡ, ನರ್ಸರಿ ಬ್ಯಾಡ. ರೈತರಿಂದ ರೈತರಿಗಿ ಹಬ್ಬಿ ಅಲ್ಲಿ ಸುಮಾರು 50 ಲಕ್ಷ ಹೆಕ್ಟೇರಿನಾಗ 20 ಕೋಟಿಯಷ್ಟು ಗಿಡ ಹಂಗೇ ಎದ್ದು ನಿಂತಾವ ಅಂತ ಅಂದಾಜು ಮಾಡ್ಯಾರ.

ಇದನ್ನ ಓದಿದ ಮ್ಯಾಲ ನಾನೂ ಅಪ್ಪನೂ ನಮ್ಮ ಪಡುವಣ ಬದುವಿಗಿ ಹೋಗಿ ನೋಡಿದ್ವಿ. ಮುತ್ಯಾನ ಕಾಲದ ಬನ್ನಿ ಕಡದ ಜಾಗದಾಗ ವರ್ಷಾ ಮುಳ್ಳುಕಂಟಿ ಬರ್ತದ ಅಂತ ಅಪ್ಪ ಕುಡಗೋಲಿಂದ ಸವರ್ತಿದ್ದ, ಬಗ್ಗಿ ನೋಡಿದ್ರ ಅದು ಬನ್ನಿಯ ಬೊಡ್ಡಿನೇ. ಏಳು ಚಿಗುರು ಇದ್ದವು. ನೆಟ್ಟಗ ಇದ್ದದ್ದು ಒಂದು ಬಿಟ್ವಿ, ಉಳಿದಿದ್ದು ತೆಗದ್ವಿ, ಟ್ರ್ಯಾಕ್ಟರಿನವನಿಗಿ ಕಾಣ್ಲಿ ಅಂತ ಒಂದು ಕೆಂಪು ಬಟ್ಟಿ ಕಟ್ಟಿದ್ವಿ. ಹೋದ ದಸರಾಕ್ಕ ಅದು ಅಪ್ಪನ ಎದಿಮಟ ಬಂದಿತ್ತು.